ಹಾಡುವ ಪಾಟಿ ರಿಜೆಕ್ಟ್, ಬೋಳು ಪಾಟಿ ಪಾಸ್

ರಾತ್ರಿ ಎರಡು ಗಂಟೆಗೆ ಬಚ್ಚಲಿನಿಂದ ಹಾಡು ಕೇಳಿಸಿತು. ಎದ್ದು ಹೋಗಿ ದೀಪ ಹಾಕಿದರೆ ನರಪಿಳ್ಳೆಯೂ ಇಲ್ಲ. ಮೂಲೆಯಲ್ಲಿದ್ದ ಹಳದಿ ಪಾಟಿ, ಅಂದರೆ ಮಗು ಕೂತು ಸುಸ್ಸು, ಕಕ್ಕ ಮಾಡುವ ಪುಟ್ಟ ಪೀಠ, ತನ್ನ ಪಾಡಿಗೆ ತಾನು ಹಾಡಿಕೊಂಡು, ಹಾಡು ಮುಗಿದ ಮೇಲೆ ಚಪ್ಪಾಳೆಯನ್ನೂ ತಾನೇ ತಟ್ಟಿಕೊಳ್ಳುತ್ತಿತ್ತು. ಸಂಜೆ ಅದನ್ನು ತೊಳೆದವನು ನಾನೇ, ಒರೆಸದೆ ಇಟ್ಟವನೂ ನಾನೇ. ಬಟ್ಟಲಿನ ತಳದಲ್ಲಿ ಎರಡು ಲೋಹದ ಚುಕ್ಕೆಗಳಿವೆ. ಅವೆರಡರ ನಡುವೆ ದ್ರವ ನಿಂತರೆ ಕರೆಂಟು ಹರಿದು ಹಾಡು ಶುರುವಾಗುತ್ತದೆ. ಮಗು ಸುಸ್ಸು ಮಾಡಿದ್ದೋ, ತೊಳೆದಾಗ ಉಳಿದ ಹನಿ ನೀರು ಜಾರಿ ಬಂದದ್ದೋ, ಆ ಚುಕ್ಕೆಗಳಿಗೆ ಎರಡೂ ಒಂದೇ. ಬ್ಯಾಟರಿ ಕಿತ್ತು ಪಕ್ಕಕ್ಕಿಟ್ಟು ಬಂದು ಮಲಗಿದೆ. ನಿದ್ದೆಯಂತೂ ಬರಲಿಲ್ಲ. ಇದರ ಬಗ್ಗೆ ಬರೆಯಲೇಬೇಕು ಅಂತ ಅವತ್ತೇ ಅಂದುಕೊಂಡೆ.

ನಾನು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ 34 ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವನು. ಬಂದ ಮಾಲನ್ನು ಅಳೆದು ಪಾಸ್, ರೀವರ್ಕ್ (ತಿದ್ದಿದರೆ ನಡೆಯುವಂಥದ್ದು), ರಿಜೆಕ್ಟ್ ಅಂತ ಮೂರು ರಾಶಿ ಮಾಡುವುದು ಕೆಲಸ. ಈಗ ನಿವೃತ್ತ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಹಗಲು ಮೊಮ್ಮಗ ನಮ್ಮ ಸುಪರ್ದಿಗೆ. ಅವನಿಗೆ ಎರಡು ವರ್ಷ ಐದು ತಿಂಗಳಾದಾಗ ಮಗಳು, "ಅಪ್ಪಾ, ಇನ್ನು ಡೈಪರ್ ಬಿಡಿಸೋಣ. ಹಗಲು ನೀವೇ ನೋಡ್ಕೋಬೇಕು" ಅಂದಳು. ಬಿಡಿಸಲು ಕಾರಣವೂ ಇತ್ತು. ಎರಡು ಗಂಟೆ ಕಾಲ ಡೈಪರ್ ಒಣಗಿರುತ್ತಿತ್ತು. ಸುಸ್ಸು ಆದ ಮೇಲೆ ಬಂದು "ಆಯ್ತು" ಅನ್ನುತ್ತಿದ್ದ. ಚಡ್ಡಿಯನ್ನು ತಾನೇ ಮೊಣಕಾಲಿನ ತನಕ ಎಳೆದುಕೊಳ್ಳುತ್ತಿದ್ದ. ನಾಲ್ಕು ತಿಂಗಳಲ್ಲಿ ಮನೆಗೆ ಬಂದ ಸಾಮಾನುಗಳ ವರದಿ ಇದು. ಗಂಡುಮಗುವಿಗೆ ಏನು ಕೊಳ್ಳಬೇಕು ಅಂತ ಹುಡುಕುತ್ತಿರುವವರಿಗೆ ಉಪಯೋಗಕ್ಕೆ ಬಂದೀತು. ಕಂಪನಿಗಳ ಹೆಸರು ಹೇಳುವುದಿಲ್ಲ. ಒಂದೇ ಅಚ್ಚಿನ ಮಾಲು ಹತ್ತು ಹೆಸರಲ್ಲಿ ಬರುತ್ತದೆ, ಹೆಸರಿಗಿಂತ ಅಳತೆ ನೋಡಿ.

ಆ ಹಳದಿ ಪಾಟಿಯ ಕಥೆ ಮುಗಿಸಿಬಿಡುತ್ತೇನೆ. ಡಬ್ಬದ ಮೇಲಿನ ಚಿತ್ರ ನೋಡಿ ಮಗಳು ಮರುಳಾಗಿ ತಂದದ್ದು. ಸಿಂಹಾಸನದ ಥರ ಬೆನ್ನೊರಗು, ಮುಚ್ಚಳ, ಒತ್ತಿದರೆ ಬುಳುಬುಳು ಸದ್ದು ಮಾಡುವ ಸುಳ್ಳು ಫ್ಲಶ್. ನಾನು ಮೊದಲು ಟೇಪು ಹಿಡಿದೆ. ನೆಲದಿಂದ ಕೂರುವ ಜಾಗಕ್ಕೆ 24 ಸೆಂಟಿಮೀಟರ್. ಮೊಮ್ಮಗನನ್ನು ಗೋಡೆಗೆ ನಿಲ್ಲಿಸಿ ಮಂಡಿಯ ಹಿಂದಿನ ಮಡಿಕೆಯಿಂದ ಪಾದದವರೆಗೆ ಅಳೆದರೆ 21. ಮೂರು ಸೆಂಟಿಮೀಟರ್ ಎತ್ತರ ಹೆಚ್ಚು. "ಮೂರು ಸೆಂಟಿಮೀಟರ್‌ಗೆಲ್ಲ ಏನಾಗತ್ತೆ ಅಪ್ಪಾ" ಅಂದಳು. ಕೂತರೆ ಹುಡುಗನ ಕಾಲ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಬೀಳದ ಹಾಗೆ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡು, ಭುಜ ಬಿಗಿ ಮಾಡಿಕೊಂಡು ಕೂರುತ್ತಿದ್ದ. ಮೈ ಬಿಗಿ ಹಿಡಿದವನಿಗೆ ಸುಸ್ಸು ಎಲ್ಲಿಂದ ಬರಬೇಕು?

ಮೂರನೆಯ ದಿನ ಬಂತು. ಬಂದ ತಕ್ಷಣ ಬುಡದಲ್ಲಿ ಹಾಡು ಶುರುವಾಯಿತು. ಹುಡುಗ ಬೆಚ್ಚಿಬಿದ್ದು ಅರ್ಧಕ್ಕೇ ನಿಲ್ಲಿಸಿ, ಎದ್ದು, ತಿರುಗಿ ಪಾಟಿಯೊಳಗೆ ನೋಡಿದ. ಉಳಿದರ್ಧ ನನ್ನ ಕಾಲ ಮೇಲೆ ಆಯಿತು. ಮಾರನೇ ದಿನ ಅವನೇ ಗುಟ್ಟು ಕಂಡುಹಿಡಿದುಬಿಟ್ಟ. ಮಗ್ಗಿನಲ್ಲಿ ನೀರು ತಂದು ಪಾಟಿಗೆ ಸುರಿಯುವುದು, ಹಾಡು ಕೇಳುವುದು, ಚಪ್ಪಾಳೆ ತಟ್ಟುವುದು. ದಿನಕ್ಕೆ ಇಪ್ಪತ್ತು ಸಲ ಹಾಡು, ಸುಸ್ಸು ಸೊನ್ನೆ. ತೊಳೆಯುವ ಕಷ್ಟ ಬೇರೆ. ಬಿಚ್ಚಿದರೆ ಐದು ಭಾಗ, ಅವುಗಳ ಸಂದಿಯಲ್ಲಿ ನಿಂತ ಉಚ್ಚೆಯ ವಾಸನೆ ಎರಡು ವಾರಕ್ಕೇ ಕಚ್ಚಿಕೊಂಡಿತು. ರಿಜೆಕ್ಟ್. ಬ್ಯಾಟರಿ ತೆಗೆದು, ಮುಚ್ಚಳ ಹಾಕಿ, ಕೈತೊಳೆಯುವ ಬೇಸಿನ್ನಿನ ಮುಂದೆ ಹತ್ತಿ ನಿಲ್ಲುವ ಸ್ಟೂಲಾಗಿ ಇಟ್ಟಿದ್ದೇವೆ. ಆ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆ.

ಆಮೇಲೆ ಅಳಿಯನ ಸರದಿ. "ಮಾವ, ಪಾಟಿ ಕಲಿಸಿ ಆಮೇಲೆ ಮತ್ತೆ ಕಮೋಡ್ ಯಾಕೆ ಕಲಿಸಬೇಕು? ನೇರ ಕಮೋಡಿಗೇ ಹೋಗೋಣ" ಅಂದರು. ಮಾತು ತರ್ಕಬದ್ಧವಾಗಿತ್ತು. ದೊಡ್ಡವರ ಸೀಟಿನ ಮೇಲೆ ಕೂರಿಸುವ ಚಿಕ್ಕ ಸೀಟು, ಅದಕ್ಕೇ ಜೋಡಿಸಿದ ಏಣಿ, ಎರಡು ಬದಿ ಹಿಡಿಕೆ. ನಮ್ಮ ಕಮೋಡಿನ ಎತ್ತರ 41 ಸೆಂಟಿಮೀಟರ್. ಏಣಿ ಅಲ್ಲಾಡುತ್ತಿರಲಿಲ್ಲ, ಮೆಟ್ಟಿಲಿಗೆ ಜಾರದ ರಬ್ಬರು ಕೂಡ ಇತ್ತು. ಕಾಗದದ ಮೇಲೆ ಪಾಸಾಗುವ ಮಾಲು.

ಆದರೆ ಡ್ರಾಯಿಂಗ್ ಮಾಡಿದವರು ಒಂದನ್ನು ಮರೆತಿದ್ದಾರೆ. ಮಗು ಏಣಿ ಹತ್ತುವಾಗ ಮುಖ ಕಮೋಡಿನ ಕಡೆಗಿರುತ್ತದೆ. ಕೂರಬೇಕಾದರೆ ಬೆನ್ನು ಆ ಕಡೆಗಾಗಬೇಕು. ಅಂಗೈ ಅಗಲದ ಮೆಟ್ಟಿಲ ಮೇಲೆ, ಚಡ್ಡಿ ಕಾಲಿಗೆ ತೊಡರಿಕೊಂಡಿರುವಾಗ, ಅವಸರದಲ್ಲಿ, ಎರಡೂವರೆ ವರ್ಷದವನು ಪೂರ್ತಿ ತಿರುಗಬೇಕು! ಗಂಡುಮಕ್ಕಳಿಗೆ ಇದರ ಜೊತೆ ಇನ್ನೊಂದು ಅಪಾಯವಿದೆ. ಸುಸ್ಸು ಮುಂದಕ್ಕೆ ಚಿಮ್ಮದಿರಲಿ ಅಂತ ಸೀಟಿನ ಮುಂಭಾಗದಲ್ಲಿ ಪ್ಲಾಸ್ಟಿಕ್ಕಿನ ತಡೆ ಎದ್ದು ನಿಂತಿರುತ್ತದೆ. ನಮ್ಮದರಲ್ಲಿ ಅದು ಸಿಕ್ಕಿಸುವಂಥದ್ದು, ಅಂಚು ಚೂಪು. ಕಂಪನಿಯಲ್ಲಿ ಇದಕ್ಕೆ ಫ್ಲ್ಯಾಶ್ ಅನ್ನುತ್ತಿದ್ದೆವು. ಅಚ್ಚಿನ ಎರಡು ಹೋಳು ಸೇರುವ ಗೆರೆಯಲ್ಲಿ ಪ್ಲಾಸ್ಟಿಕ್ಕು ತೆಳ್ಳಗೆ ಹೊರಬಂದು ಗಟ್ಟಿಯಾಗಿರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಬೆರಳಾಡಿಸಿದ್ದೆ, ಗೊತ್ತೂ ಆಗಿತ್ತು, ಸಂಜೆ ಉಜ್ಜಿದರಾಯಿತು ಅಂತ ಬಿಟ್ಟೆ. ಮಧ್ಯಾಹ್ನವೇ ಹುಡುಗ ಅವಸರದಲ್ಲಿ ಕಾಲು ದಾಟಿಸಿ ಕೂರಲು ಹೋದ. ಎಲ್ಲಿ ತಗುಲಬಾರದೋ ಅಲ್ಲೇ ತಗುಲಿತು. ರಕ್ತ ಬರಲಿಲ್ಲ, ಬರೀ ಕೆಂಪು ಗೆರೆ. ಆದರೆ ಅವನು ಅತ್ತ ಅಳು ನನಗಿನ್ನೂ ಕಿವಿಯಲ್ಲಿದೆ. 34 ವರ್ಷದಲ್ಲಿ ನಾನು "ಸಂಜೆ ನೋಡೋಣ" ಅಂದ ಮಾಲು ಅದೊಂದೇ.

ಅದಾದ ಮೇಲೆ ಒಂಬತ್ತು ದಿನ ಅವನು ಬಚ್ಚಲ ಬಾಗಿಲ ಹತ್ತಿರವೂ ಸುಳಿಯಲಿಲ್ಲ. ಫ್ಲಶ್ ಸದ್ದಿಗೂ ಹೆದರತೊಡಗಿದ. ಮನೆಯಲ್ಲಿ ಕೋರ್ಟು ಕೂತಿತು. ನಮ್ಮ ಮನೆಯವಳು, "ನನ್ನ ಮಗಳು ಒಂದು ವರ್ಷಕ್ಕೇ ಹೇಳ್ತಿದ್ಲು, ಇದೆಲ್ಲ ಸಾಮಾನು ಯಾವುದಿತ್ತು?" ಅಂದಳು. ಹೇಳುತ್ತಿದ್ದದ್ದು ಮಗಳಲ್ಲ, ಗಡಿಯಾರ ನೋಡಿ ಎತ್ತಿಕೊಂಡು ಓಡುತ್ತಿದ್ದವಳು ಇವಳೇ ಅಂತ ನನಗೆ ನೆನಪಿದೆ. ಬಾಯಿ ಬಿಡಲಿಲ್ಲ. ಮಗಳು ಎಲ್ಲೋ ಓದಿ ತಂದಳು: 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಝಲ್ಟನ್ ತಮ್ಮಲ್ಲಿಗೆ ಬಂದ 1,170 ಮಕ್ಕಳ ದಾಖಲೆ ಇಟ್ಟು ಬರೆದದ್ದು. ಬಲವಂತ ಮಾಡದೆ, ಮಗು ತಯಾರಾದ ಮೇಲೆ ಕಲಿಸಿದರೆ ಹಗಲಿನ ಅಭ್ಯಾಸ ಪೂರ್ತಿಯಾಗುವುದು ಸರಾಸರಿ 28.5 ತಿಂಗಳಿಗೆ, ಹುಡುಗರಿಗೆ ಹುಡುಗಿಯರಿಗಿಂತ ಸುಮಾರು ಎರಡೂವರೆ ತಿಂಗಳು ತಡ. ಸರಾಸರಿ ಅಂದರೆ ಆಚೆಗೂ ಈಚೆಗೂ ಸುಮಾರು ಮಕ್ಕಳಿರುತ್ತಾರೆ ಅನ್ನುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಡಾಕ್ಟರೂ ಅದನ್ನೇ ಹೇಳಿದರು: ಹದಿನೆಂಟು ತಿಂಗಳಿಂದ ಮೂರು ವರ್ಷದ ತನಕ ಯಾವಾಗ ಶುರುವಾದರೂ ಸರಿ, ಹೆದರಿದ್ದರೆ ಕೆಲವು ವಾರ ಸುಮ್ಮನೆ ಬಿಟ್ಟುಬಿಡಿ. ಬಿಟ್ಟೆವು. ಏಣಿ ಸೀಟು ರೀವರ್ಕ್ ರಾಶಿಗೆ ಹೋಯಿತು. ತಡೆಯನ್ನು ಕಿತ್ತೆಸೆದು, ಅಂಚನ್ನು ಮರಳು ಕಾಗದದಲ್ಲಿ ನಾನೇ ಉಜ್ಜಿದ್ದೇನೆ. ಈಗ ಅಪರೂಪಕ್ಕೆ ಹತ್ತುತ್ತಾನೆ.

ಮೂರನೆಯದನ್ನು ನಾನೇ ಆರಿಸಿದ್ದು, ಅಂಗಡಿಗೆ ಟೇಪು ತೆಗೆದುಕೊಂಡು ಹೋಗಿ. ಅಂಗಡಿಯ ಹುಡುಗ ನಕ್ಕ, ನಗಲಿ. ಬೂದು ಬಣ್ಣದ ಬೋಳು ಪಾಟಿ. ಹಾಡಿಲ್ಲ, ಚಿತ್ರವಿಲ್ಲ, ಮುಚ್ಚಳವೂ ಇಲ್ಲ. ಬಿಚ್ಚಲು ಭಾಗಗಳೇ ಇಲ್ಲ, ಒಂದೇ ಅಚ್ಚಿನಲ್ಲಿ ಬಂದದ್ದು. ತಳದಲ್ಲಿ ತ್ರಿಕೋನದೊಳಗೆ 5 ಅಂತ ಗುರುತಿದೆ, ಅಂದರೆ ಪಾಲಿಪ್ರೊಪಿಲೀನ್, ಬಿಸಿನೀರಿಗೆ ಬಗ್ಗುವುದಿಲ್ಲ. ಎತ್ತರ 17 ಸೆಂಟಿಮೀಟರ್. ಮುಂದಿನ ತಡೆ ಬೇರೆ ತುಂಡಲ್ಲ, ಅಂಚೇ ಮುಂಭಾಗದಲ್ಲಿ ನಿಧಾನವಾಗಿ ಏರಿ ಐದೂವರೆ ಸೆಂಟಿಮೀಟರ್ ಎದ್ದಿದೆ, ತುದಿ ಹೆಬ್ಬೆರಳಿನಷ್ಟು ದಪ್ಪ, ಗುಂಡಗೆ. ಸುತ್ತಲೂ ಎರಡು ಸಲ ಬೆರಳಾಡಿಸಿದೆ. ಫ್ಲ್ಯಾಶ್ ಇಲ್ಲ.

ಮನೆಗೆ ತಂದು ಬಚ್ಚಲಿನಲ್ಲಿಡಲಿಲ್ಲ. ಅವನು ಆಟ ಆಡುವ ಕೋಣೆಯ ಮೂಲೆಯಲ್ಲಿಟ್ಟೆ. ಯಾರೂ ಏನೂ ಹೇಳಬಾರದು ಅಂತ ಎಲ್ಲರಿಗೂ ಆರ್ಡರ್. ಮೊದಲ ದಿನ ಅದರಲ್ಲಿ ಕಾರುಗಳನ್ನು ತುಂಬಿದ. ಎರಡನೇ ದಿನ ಚಡ್ಡಿ ಸಮೇತ ಕೂತ. ಐದನೇ ದಿನ ಸ್ನಾನಕ್ಕೆಂದು ಬಟ್ಟೆ ಬಿಚ್ಚಿದವನು ಓಡಿಹೋಗಿ ಕೂತುಬಿಟ್ಟ. ಪಾದ ಪೂರ್ತಿ ನೆಲದ ಮೇಲೆ, ಮಂಡಿ ಸೊಂಟಕ್ಕಿಂತ ಮೇಲೆ, ಕೈ ಎರಡೂ ಖಾಲಿ. ಒಂದು ಕೈಯಲ್ಲಿ ಕಾರು ಹಿಡಿದು ತೊಡೆಯ ಮೇಲೆ ಓಡಿಸುತ್ತಿದ್ದ. ಪ್ಲಾಸ್ಟಿಕ್ಕಿಗೆ ಸುಸ್ಸು ಬಿದ್ದ ಸದ್ದು ಕೇಳಿ ಕಾರು ನಿಂತಿತು. ತಲೆ ಬಗ್ಗಿಸಿ ನೋಡಿದ, ನನ್ನನ್ನು ನೋಡಿದ. ನಾನು ಉಸಿರು ಬಿಗಿ ಹಿಡಿದು ಪೇಪರ್ ಓದುವವನ ಹಾಗೆ ಕೂತಿದ್ದೆ. ಪೇಪರ್ ತಲೆಕೆಳಗಾಗಿತ್ತು ಅಂತ ನಮ್ಮ ಮನೆಯವಳು ಆಮೇಲೆ ಹೇಳಿದಳು.

ದೋಷ ಇಲ್ಲವೇ? ಇದೆ. ಬಟ್ಟಲು ಬೇರೆಯಾಗದ್ದರಿಂದ ಇಡೀ ಪಾಟಿಯನ್ನು ಎತ್ತಿಕೊಂಡು ಹೋಗಿ ಚೆಲ್ಲಬೇಕು. ಸೆಕೆಗೆ ಬೆವೆತಿದ್ದರೆ ತೊಡೆಗೆ ಅಂಟಿಕೊಂಡು, ಹುಡುಗ ಎದ್ದಾಗ ಪಾಟಿಯೂ ಅವನ ಜೊತೆ ಒಂದು ಗೇಣು ಎದ್ದು, ಆಮೇಲೆ ದಪ್ಪೆಂದು ಬೀಳುತ್ತದೆ. ಒಳಗೆ ಏನಿತ್ತು ಅನ್ನುವುದರ ಮೇಲೆ ಮುಂದಿನ ಕೆಲಸ. ತಳಕ್ಕೆ ರಬ್ಬರ್ ಇಲ್ಲದ್ದರಿಂದ ನಯವಾದ ನೆಲದ ಮೇಲೆ ಜಾರುತ್ತದೆ. ಹಳೇ ಸೈಕಲ್ ಟ್ಯೂಬಿನ ನಾಲ್ಕು ತುಂಡು ಅಂಟಿಸಿದೆ, ಸರಿಹೋಯಿತು. ಇನ್ನೊಂದು ಮಾತು. ಮುಂದಿನ ಅಂಚು ಎಷ್ಟೇ ಎದ್ದಿರಲಿ, ಕೂತ ಹುಡುಗ ಸ್ವಲ್ಪ ಮುಂದಕ್ಕೆ ಬಾಗಿ, ಕೈಯಿಂದ ಕೆಳಮುಖ ಮಾಡಿಕೊಳ್ಳದಿದ್ದರೆ ಸುಸ್ಸು ಅಂಚು ಹಾರಿ ಎದುರಿಗೆ ಕೂತವನ ಮಡಿಲಿಗೇ ಬರುತ್ತದೆ. ಅದನ್ನು ಪಾಟಿ ಕಲಿಸುವುದಿಲ್ಲ, ನಾವು ಕಲಿಸಬೇಕು. ಎದುರಿಗೆ ಕೂರದೆ ಪಕ್ಕಕ್ಕೆ ಕೂರುವುದೂ ಒಂದು ಉಪಾಯ.

ಇದರ ಜೊತೆಗೆ ಆರು ಟ್ರೈನಿಂಗ್ ಪ್ಯಾಂಟ್ ತರಿಸಿದ್ದರು, ನಡುವೆ ಪದರ ಹೊಲಿದ ಬಟ್ಟೆಯ ಚಡ್ಡಿಗಳು. "ಸೋರುವುದಿಲ್ಲ" ಅಂತ ಬರೆದಿತ್ತು. ಮಗುವಿನ ಮೂತ್ರಚೀಲದ ಅಂದಾಜಿಗೆ ಡಾಕ್ಟರುಗಳು ಬಳಸುವ ಒಂದು ಸರಳ ಲೆಕ್ಕವಿದೆ: ವಯಸ್ಸಿಗೆ ಎರಡು ಕೂಡಿಸಿ 30ರಿಂದ ಗುಣಿಸಿದರೆ ಮಿಲಿಲೀಟರ್. ಎರಡೂವರೆ ವರ್ಷಕ್ಕೆ 135. ಚಡ್ಡಿಯನ್ನು ಬಕೆಟ್ಟಿನ ಬಾಯಿಗೆ ಹೊದಿಸಿ ಅಳತೆ ಕಪ್ಪಿನಿಂದ ನೀರು ಸುರಿದೆ. 60 ದಾಟುತ್ತಿದ್ದಂತೆ ತೊಟ್ಟಿಕ್ಕತೊಡಗಿತು. ಅಂದರೆ ಹನಿ ಬಿಟ್ಟುಕೊಂಡು ಓಡಿಬರುವವನಿಗೆ ಸರಿ, ಪೂರ್ತಿ ಬಿಟ್ಟವನಿಗೆ ಅಲ್ಲ. ಆದರೂ ಪಾಸ್ ಕೊಟ್ಟಿದ್ದೇನೆ. ಡೈಪರಿನೊಳಗಿನ ಪುಡಿ ದ್ರವವನ್ನೆಲ್ಲ ಹೀರಿ ಜೆಲ್ಲಿ ಮಾಡಿಬಿಡುವುದರಿಂದ ಮಗುವಿಗೆ ಒದ್ದೆಯೇ ತಿಳಿಯುವುದಿಲ್ಲ. ಈ ಚಡ್ಡಿಯಲ್ಲಿ ತಿಳಿಯುತ್ತದೆ. ನಮ್ಮವನು ಕಾಲಗಲಿಸಿ ನಿಂತು "ತಾತಾ, ಚಳಿ" ಅಂದ. ಅದೇ ಬೇಕಿತ್ತು. ಒಂದೇ ತಕರಾರು ಸೊಂಟದ ಎಲಾಸ್ಟಿಕ್ಕಿನದು. ಬಹಳ ಬಿಗಿ, ಅವನ ಕೈಯಲ್ಲಿ ಇಳಿಯುತ್ತಿರಲಿಲ್ಲ. ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ.

ಹೀಗೆ ಸುಸ್ಸಿನ ಕೆಲಸ ಮೂರು ವಾರದಲ್ಲಿ ಒಂದು ಹದಕ್ಕೆ ಬಂತು. ಕಕ್ಕದ್ದು ಬೇರೆಯೇ ಪುರಾಣ.

ಪಾಟಿಯಲ್ಲಿ ಸುಸ್ಸು ಮಾಡುವ ಅದೇ ಹುಡುಗ ಕಕ್ಕ ಬಂದರೆ "ಡೈಪರ್ ಬೇಕು" ಅನ್ನುತ್ತಿದ್ದ. ಹಾಕಿದರೆ ಪರದೆಯ ಹಿಂದೆ ಹೋಗಿ ನಿಂತು, ಮುಖ ಕೆಂಪಗೆ ಮಾಡಿಕೊಂಡು ಮುಗಿಸಿ ಬರುತ್ತಿದ್ದ. ಕೊಡದಿದ್ದ ದಿನ ತಡೆದುಕೊಂಡ. ಒಂದು ದಿನ, ಎರಡು ದಿನ, ಮೂರು ದಿನ. ಕಾಲು ಹೆಣೆದುಕೊಂಡು, ತುದಿಗಾಲಲ್ಲಿ ನಿಂತು, ಸೋಫಾದ ಅಂಚು ಹಿಡಿದು ನಡುಗುತ್ತಿದ್ದ. ತಿಣುಕುತ್ತಿದ್ದಾನೆ ಅಂತ ನಾವು ತಿಳಿದಿದ್ದೆವು, ಅವನು ಒಳಗೇ ತಡೆಯುತ್ತಿದ್ದ. ನಾಲ್ಕನೇ ದಿನ ಗಟ್ಟಿಯಾಗಿ ಬಂದು ನೋವಾಯಿತು. ನೋವಾದದ್ದಕ್ಕೆ ಮತ್ತೆ ತಡೆದ. ಅಷ್ಟರಲ್ಲಿ ಒಣಗಿರುತ್ತಿದ್ದ ಚಡ್ಡಿಯೂ ಮತ್ತೆ ಒದ್ದೆಯಾಗತೊಡಗಿತು. ಕಲಿತದ್ದೆಲ್ಲ ಮರೆತನಲ್ಲ ಅಂತ ನಾನು ರೇಗಿದೆ ಕೂಡ. ಡಾಕ್ಟರ್ ಹೊಟ್ಟೆ ಒತ್ತಿ ನೋಡಿ, ಮರೆತಿಲ್ಲ, ಒಳಗೆ ಮಲ ತುಂಬಿಕೊಂಡು ಮೂತ್ರಚೀಲವನ್ನು ಒತ್ತುತ್ತಿದೆ, ಅದಕ್ಕೇ ಹಿಡಿದುಕೊಳ್ಳಲು ಆಗುತ್ತಿಲ್ಲ ಅಂದರು. ಮೆತ್ತಗಾಗಲು ಔಷಧಿ ಬರೆದರು. ಜೊತೆಗೆ, ಕೇಳಿದರೆ ಡೈಪರ್ ಕೊಡಿ ಅಂದರು. ನಾನು ಬೆಪ್ಪಾದೆ. ಡೈಪರ್ ಬಿಡಿಸಬೇಕಾದವರೇ ಕೊಡಿ ಅನ್ನುತ್ತಾರಲ್ಲ! ಮೊದಲು ಡೈಪರಿನಲ್ಲೇ ಆಗಲಿ, ಆದರೆ ಬಚ್ಚಲಲ್ಲಿ. ಆಮೇಲೆ ಡೈಪರ್ ಹಾಕಿಕೊಂಡೇ ಪಾಟಿಯ ಮೇಲೆ ಕೂತು. ಆಮೇಲೆ ಡೈಪರನ್ನು ಬಿಡಿಸಿ ಪಾಟಿಯೊಳಗೆ ಹಾಸಿ. ಒಂದೊಂದು ಮೆಟ್ಟಿಲಿಗೂ ಅವನು ಎಷ್ಟು ದಿನ ತೆಗೆದುಕೊಂಡರೂ ಸರಿ.

ಇಲ್ಲಿಯೂ ಬೋಳು ಪಾಟಿಯ 17 ಸೆಂಟಿಮೀಟರ್ ಕೈಹಿಡಿಯಿತು. ಗುದನಾಳವನ್ನು ಒಂದು ಸ್ನಾಯು ಹಿಂದಿನಿಂದ ಕುಣಿಕೆ ಹಾಕಿ ಮುಂದಕ್ಕೆ ಎಳೆದು ಹಿಡಿದಿರುತ್ತದೆ, ಬಗ್ಗಿಸಿ ಹಿಡಿದ ನೀರಿನ ಪೈಪಿನ ಹಾಗೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದು ಪಾದ ನೆಲಕ್ಕೆ ಊರಿದಾಗ ಆ ಕುಣಿಕೆ ಸಡಿಲವಾಗಿ ಪೈಪು ನೆಟ್ಟಗಾಗುತ್ತದೆ. ಕಾಲು ತೂಗಾಡುತ್ತಿದ್ದರೆ ಮಗು ತಿಣುಕಲು ಊರಿಕೊಳ್ಳುವ ಜಾಗವೇ ಇಲ್ಲ. ಮೂರು ಸೆಂಟಿಮೀಟರ್‌ಗೆ ಏನಾಗುತ್ತದೆ ಅಂತ ಕೇಳಿದ್ದ ಮಗಳಿಗೆ ಇದನ್ನು ಎರಡು ಸಲ ವಿವರಿಸಿದೆ. ಮೂರನೇ ಸಲ ಶುರುಮಾಡಿದಾಗ ಎದ್ದುಹೋದಳು. ಊಟವಾದ ಮೇಲೆ ಕರುಳು ತಾನಾಗಿಯೇ ಚುರುಕಾಗುವುದರಿಂದ ಆಗಲೇ ಐದು ನಿಮಿಷ ಕೂರಿಸುತ್ತಿದ್ದೆವು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಪ್ಪತ್ತೊಂದನೇ ದಿನ ಡೈಪರ್ ಕೇಳುವುದನ್ನು ಮರೆತ. ಬಂದದ್ದನ್ನು ಚೆಲ್ಲಲು ಮಾತ್ರ ಬಿಡಲಿಲ್ಲ, ಅಮ್ಮ ಬಂದು ನೋಡುವ ತನಕ ಇರಬೇಕು ಅಂತ ಹಟ ಹಿಡಿದ. ಅಮ್ಮ ಬರುವುದು ಸಂಜೆ ಆರಕ್ಕೆ. ಫೋಟೋ ತೆಗೆದು ಕಳಿಸಿದೆ. ಅವಳು ಮೀಟಿಂಗಿನಲ್ಲಿದ್ದಳಂತೆ.

ನಾಲ್ಕನೆಯ ಸಾಮಾನು ಕಪ್ಪೆ. ಗೋಡೆಗೆ ಅಂಟಿಸುವ ಪ್ಲಾಸ್ಟಿಕ್ ಕಪ್ಪೆ, ಬಾಯಿಯೊಳಗೆ ಚಕ್ರ, ನಿಂತು ಗುರಿಯಿಟ್ಟರೆ ತಿರುಗುತ್ತದೆ. ಹುಡುಗನಿಗೆ ಪ್ರಾಣ. ಆದರೆ ಬೇಗ ತಂದುಬಿಟ್ಟೆವು. ನಿಲ್ಲುವ ರುಚಿ ಹತ್ತಿದ ಮೇಲೆ ಕೂರಲು ಒಲ್ಲೆ ಅಂದ. ಸುಸ್ಸಿಗೆ ನಿಂತವನಿಗೆ ನಡುವೆ ಕಕ್ಕ ಬಂದರೆ ಏನಾಗಬೇಕೋ ಅದು ಒಂದು ಸಲ ಆಯಿತು. ಗಂಡುಮಗುವಿಗೆ ಎರಡನ್ನೂ ಮೊದಲು ಕೂತೇ ಕಲಿಸಿ, ಕಪ್ಪೆ ಆಮೇಲೆ. ಇದರ ಸಕ್ಷನ್ ಬಟ್ಟಲುಗಳು ಒದ್ದೆ ಗೋಡೆಯ ಮೇಲೆ ಎರಡು ದಿನವೂ ನಿಲ್ಲಲಿಲ್ಲ, ತುಂಬಿದ ಕಪ್ಪೆ ನನ್ನ ಕಾಲ ಮೇಲೆಯೇ ಬಿತ್ತು. ಈ ವರದಿಯಲ್ಲಿ ಎಲ್ಲವೂ ನನ್ನ ಕಾಲ ಮೇಲೆಯೇ ಬೀಳುತ್ತಿರುವುದನ್ನು ಓದುಗರು ಗಮನಿಸಿರಬಹುದು. ರೀವರ್ಕ್: ಸ್ಕ್ರೂ ಹೊಡೆದು ನಿಲ್ಲಿಸಿದ್ದೇನೆ.

ಕಪ್ಪೆಗಿಂತ ಮುಖ್ಯವಾದದ್ದು ದೊಡ್ಡವರ ಕಮೋಡಿನ ಸೀಟು. ನಿಂತು ಮಾಡಲು ಕಲಿತ ಹುಡುಗರ ಎತ್ತರ ಸರಿಯಾಗಿ ಕಮೋಡಿನ ಅಂಚಿಗೆ ಬರುತ್ತದೆ. ಎತ್ತಿಟ್ಟ ಸೀಟು ಧಡಕ್ಕನೆ ಬಿದ್ದರೆ ನಡುವೆ ಸಿಕ್ಕುವುದು ಅದೇ ಭಾಗ. ಅಪರೂಪದ ಗಾಯವಲ್ಲ ಇದು, ಡಾಕ್ಟರುಗಳು ಚೆನ್ನಾಗಿ ಬಲ್ಲರು. ನಿಧಾನವಾಗಿ ಇಳಿಯುವ ಕೀಲಿನ ಸೀಟನ್ನು ಅಳಿಯ ಒಂದೇ ಭಾನುವಾರದಲ್ಲಿ ಹಾಕಿದರು. ಕೈಬಿಟ್ಟು, ಗಡಿಯಾರ ಹಿಡಿದು ನೋಡಿದೆ. ಕೆಳಗಿಳಿಯಲು ಏಳು ಸೆಕೆಂಡು. ಈ ಇಡೀ ಪಟ್ಟಿಯಲ್ಲಿ ಕಣ್ಣುಮುಚ್ಚಿ ಪಾಸ್ ಕೊಟ್ಟದ್ದು ಅದಕ್ಕೆ.

ನೆಲ ಒರೆಸುವವರಿಗೆ ಒಂದು ಎಚ್ಚರಿಕೆ: ಉಚ್ಚೆ ಬಿದ್ದ ಜಾಗಕ್ಕೆ ನೇರವಾಗಿ ಬ್ಲೀಚ್ ಸುರಿಯಬೇಡಿ. ಎರಡೂ ಸೇರಿದರೆ ಕಣ್ಣು ಮೂಗು ಉರಿಸುವ ಗಾಳಿ ಏಳುತ್ತದೆ. ಮೊದಲು ನೀರಿನಿಂದ ತೊಳೆಯಿರಿ. ಹಾಸಿಗೆಗೆ ಎನ್‌ಜೈಮ್ ಇರುವ ದ್ರಾವಣ ವಾಸನೆ ತೆಗೆಯಿತು, ಸುಗಂಧದ ಸ್ಪ್ರೇಗಳು ವಾಸನೆಯ ಮೇಲೆ ಇನ್ನೊಂದು ವಾಸನೆ ಹಾಕಿದವು, ಅಷ್ಟೇ. ರಾತ್ರಿಗೆ ಇನ್ನೂ ಡೈಪರ್ ಇದೆ. ನಿದ್ದೆಯಲ್ಲಿ ಒಣಗಿರುವುದು ಮೈ ಬಲಿತಂತೆ ಬರುವ ಸಂಗತಿ, ಐದು ವರ್ಷದ ತನಕ ರಾತ್ರಿ ಒದ್ದೆ ಮಾಡುವುದನ್ನು ಡಾಕ್ಟರುಗಳು ಕಾಯಿಲೆ ಅಂತ ಎಣಿಸುವುದಿಲ್ಲ. ಅದಕ್ಕೆ ನಾವು ಕೈಹಾಕಿಲ್ಲ.

ಮೊಮ್ಮಗನಿಗೆ ಈಗ ಎರಡು ವರ್ಷ ಒಂಬತ್ತು ತಿಂಗಳು. ನನ್ನ ಬಾಯಿಂದ ಕೇಳಿ ಕೇಳಿ ಮೂರು ರಾಶಿಯ ಹೆಸರೂ ಅವನಿಗೆ ಬಾಯಿಪಾಠ. ಪಾಟಿಯಿಂದ ಎದ್ದು, ತಿರುಗಿ, ಮಂಡಿಯ ಮೇಲೆ ಕೈಯೂರಿ ಒಳಗೆ ಇಣುಕಿ "ಪಾಸ್!" ಅನ್ನುತ್ತಾನೆ. ಏನೂ ಬಂದಿರದಿದ್ದರೆ "ರಿಜೆಕ್ಟ್". ನಿನ್ನೆ ನಾನು ಬಚ್ಚಲಲ್ಲಿದ್ದಾಗ ಹೊರಗಿನಿಂದ ಬಾಗಿಲು ಬಡಿದ. "ಏನೋ?" ಅಂದೆ. "ತಾತಾ, ಪಾಸಾ?" ಅಂದ. ನನ್ನ ವಯಸ್ಸಿಗೆ ಕೆಲವು ದಿನ ರೀವರ್ಕ್ ಅಂತಲೇ ಉತ್ತರ ಕೊಡಬೇಕಾಗುತ್ತದೆ.